ಸೊಳ್ಳೆ ಮೊಟ್ಟೆಯ ಸಾಕ್ಷ್ಯ

ಸೊಳ್ಳೆಗಳನ್ನು ಗುರುತು ಹಿಡಿಯುವ ವಿದ್ಯೆಯಲ್ಲಿ ಕಳೆದ ವರ್ಷಗಳನ್ನು ಈಗ ಹಿಂತಿರುಗಿ ನೋಡಿದರೆ, ಆ ವಿದ್ಯೆ ಬಹುಕಾಲ ಬೆಳೆದ ಸೊಳ್ಳೆಯ ಮೈಯನ್ನೇ ನೆಚ್ಚಿಕೊಂಡಿತ್ತು ಎನ್ನುವುದು ಎದ್ದು ಕಾಣುತ್ತದೆ. ರೆಕ್ಕೆಯ ಮೇಲಿನ ಕಪ್ಪು ಬಿಳಿ ಮಚ್ಚೆ, ಕಾಲಿನ ಗಂಟುಗಳ ಬಳಿಯ ಬಿಳಿ ಪಟ್ಟೆ, ಸೊಂಡಿಲಿನ ಅಕ್ಕಪಕ್ಕ ಚಾಚಿದ ಅಂಗಗಳ ಬಣ್ಣ, ಇವನ್ನೆಲ್ಲ ಒಂದೊಂದಾಗಿ ನೋಡುತ್ತ, ಇದ್ದರೆ ಈ ಕವಲು, ಇಲ್ಲದಿದ್ದರೆ ಆ ಕವಲು ಎಂದು ಪುಸ್ತಕದ ಪಟ್ಟಿಯಲ್ಲಿ ಇಳಿದುಕೊಂಡು ಹೋಗಿ ಕೊನೆಗೊಂದು ಹೆಸರಿಗೆ ಬಂದು ನಿಲ್ಲುವುದು ನಮಗೆ ಕಲಿಸಿದ ಕ್ರಮ. ಆ ಕ್ರಮ ಇಂದಿಗೂ ಬೇಕು. ಆದರೆ ಮೂರೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಸೊಳ್ಳೆಗಳ ಲೋಕದಲ್ಲಿ, ರೋಗದ ದೃಷ್ಟಿಯಿಂದ ನಮಗೆ ಅತ್ಯಂತ ಮುಖ್ಯವಾದ ವ್ಯತ್ಯಾಸಗಳು ಅನೇಕ ಸಲ ಬೆಳೆದ ಸೊಳ್ಳೆಯ ಮೈಮೇಲೆ ಇರುವುದೇ ಇಲ್ಲ. ತದ್ರೂಪಿಗಳಂತೆ ಕಾಣುವ ಎರಡು ಸೊಳ್ಳೆಗಳಲ್ಲಿ ಒಂದು ಮನುಷ್ಯನ ರಕ್ತಕ್ಕೆ ಬಂದು ಮಲೇರಿಯಾ ಹಚ್ಚುತ್ತದೆ, ಇನ್ನೊಂದು ಕೊಟ್ಟಿಗೆಯ ದನವನ್ನು ಕಚ್ಚಿ ಸುಮ್ಮನಿರುತ್ತದೆ. ಅಂಥ ಕಡೆ ಅವೆರಡನ್ನು ಬೇರ್ಪಡಿಸಿ ತೋರಿಸಿದ ಮೊದಲ ಗುರುತು ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆಯ ಮೇಲಿತ್ತು. ಈಗ ಡಿಎನ್‌ಎ ಓದುವುದು ಸುಲಭವಾದ ಮೇಲೆ ಮೊಟ್ಟೆ ನೋಡುವ ಕೆಲಸವನ್ನು ಹಳೆಯ ಕಾಲದ ಹವ್ಯಾಸವೆಂದು ಬದಿಗಿಡುವ ಪ್ರವೃತ್ತಿ ಬೆಳೆಯುತ್ತಿದೆ. ಇದು ತಪ್ಪು ದಾರಿ ಎಂದು ನಾನು ನಂಬಿದ್ದೇನೆ. ಏಕೆ ಎಂದು ಹೇಳುವ ಮೊದಲು ಈ ಕೆಲಸ ಎಲ್ಲಿಂದ ಬಂತು ಎಂಬುದನ್ನು ನೆನೆಯಬೇಕು.

ಮಲೇರಿಯಾದ ಕಥೆಯಲ್ಲಿ ಮೊಟ್ಟೆ ಮೊದಲ ಅಧ್ಯಾಯದಲ್ಲೇ ಬರುತ್ತದೆ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಅದಕ್ಕೆ ಎರಡು ವರ್ಷ ಹಿಂದೆ ಕಾಲರಾ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದವರು ಅವರು. ಸೊಳ್ಳೆಗಳ ಹೆಸರು ಹೇಳಿಕೊಡುವ ಪುಸ್ತಕ ಅವರ ಕೈಯಲ್ಲಿರಲಿಲ್ಲ. ತಾವು ನೋಡಿದ್ದು ಯಾವ ಸೊಳ್ಳೆ ಎಂದು ಹೇಳಲು ಹೆಸರಿಲ್ಲದೆ ಅದನ್ನು ಚುಕ್ಕೆ ರೆಕ್ಕೆಯ ಸೊಳ್ಳೆ ಎಂದು ಕರೆದರು. ಅಷ್ಟಕ್ಕೇ ನಿಲ್ಲಿಸದೆ ಅದರ ಮೊಟ್ಟೆಯನ್ನೂ ಬಣ್ಣಿಸಿದರು. ಮುಂದೆ ಹಿಂದೆ ತುದಿಗಳು ಮೇಲೆದ್ದ ಪ್ರಾಚೀನ ಕಾಲದ ದೋಣಿಯ ಹಾಗೆ ಅದು ಕಂಡಿತೆಂದೂ ಪಕ್ಕದ ಗೆರೆಗಳು ಹುಟ್ಟುಗಳ ಸಾಲಿನಂತಿದ್ದವೆಂದೂ ಅವರ ವಿವರಣೆ. ಇಂದು ಆ ಸೊಳ್ಳೆ ಬಹುಶಃ ಅನಾಫೆಲಿಸ್ ಸ್ಟೀಫೆನ್ಸಿ ಇರಬೇಕೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆ ಹೆಸರು ಹುಟ್ಟಿದ್ದು ನಾಲ್ಕು ವರ್ಷ ಕಳೆದು, 1901ರಲ್ಲಿ, ಲಿಸ್ಟನ್ ಅದನ್ನು ವಿವರಿಸಿದಾಗ. ರಾಸ್ ಹುಟ್ಟುಗಳೆಂದು ಕಂಡ ಆ ಗೆರೆಗಳ ಮಾತು ಮುಂದೆ ಮೈಸೂರು ಸಂಸ್ಥಾನದಲ್ಲಿ ಮತ್ತೆ ಬರುತ್ತದೆ. ಹೆಸರು ಇಲ್ಲದ ಕಡೆ ಒಂದು ಜೀವಿಯನ್ನು ಮುಂದಿನವರು ಗುರುತಿಸುವಂತೆ ಮಾಡುವುದು ಒಳ್ಳೆಯ ವಿವರಣೆ ಮಾತ್ರ, ಮತ್ತು ಆ ವಿವರಣೆಗೆ ಮೊಟ್ಟೆ ಸೇರಿದ್ದರಿಂದ ಬಂದ ಲಾಭ ಸಣ್ಣದಲ್ಲ.

ಮೊಟ್ಟೆಯೊಂದೇ ಒಂದು ದೊಡ್ಡ ಒಗಟನ್ನು ಬಿಡಿಸಿದ ಉದಾಹರಣೆ ಯುರೋಪಿನದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿಯ ಮಲೇರಿಯಾ ತಜ್ಞರನ್ನು ಕಾಡಿದ ಪ್ರಶ್ನೆ ಇದು: ಅನಾಫೆಲಿಸ್ ಮ್ಯಾಕ್ಯುಲಿಪೆನ್ನಿಸ್ ಎಂಬ ಸೊಳ್ಳೆ ಇಟಲಿಯಿಂದ ಹಾಲೆಂಡಿನವರೆಗೆ ಎಲ್ಲೆಲ್ಲೂ ಇದೆ, ಮಲೇರಿಯಾ ಮಾತ್ರ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಸೊಳ್ಳೆ ಕಿಕ್ಕಿರಿದ ಹಳ್ಳಿಯಲ್ಲಿ ಜ್ವರವಿಲ್ಲ, ಸೊಳ್ಳೆ ಕಡಿಮೆ ಇರುವ ಹಳ್ಳಿಯಲ್ಲಿ ಜನ ನರಳುತ್ತಿದ್ದಾರೆ. ದನಗಳು ಹೆಚ್ಚಿದ್ದ ಕಡೆ ಸೊಳ್ಳೆಗೆ ದನದ ರುಚಿ ಹತ್ತಿರಬಹುದು ಎಂದರು ಕೆಲವರು. ಫ್ರಾನ್ಸಿನ ರುಬೋ ಸೊಳ್ಳೆಯ ಬಾಯಿಯ ಹಲ್ಲುಗಳನ್ನು ಎಣಿಸಿ, ಹಲ್ಲು ಹೆಚ್ಚಿದ್ದರೆ ದನ ಕಚ್ಚುವ ಬಗೆ ಎಂದು ವಾದಿಸಿದರು. ಹಾಲೆಂಡಿನಲ್ಲಿ ರೆಕ್ಕೆಯ ಉದ್ದ ಅಳೆದರು. ಯಾವುದೂ ಎಲ್ಲ ಕಡೆಗೂ ಹೊಂದಲಿಲ್ಲ. 1926ರಲ್ಲಿ ಇಟಲಿಯ ಆರೋಗ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ಡೊಮೆನಿಕೊ ಫಲೆರೋನಿ ಒಂದು ವಿಷಯ ಪ್ರಕಟಿಸಿದರು. ಒಂದೊಂದು ಹೆಣ್ಣು ಸೊಳ್ಳೆಯನ್ನೂ ಬೇರೆ ಬೇರೆ ಇಟ್ಟು ಮೊಟ್ಟೆ ಇಡಿಸಿದರೆ, ಮೊಟ್ಟೆಯ ಮೇಲ್ಮೈಯ ಚಿತ್ತಾರ ಹೆಣ್ಣಿನಿಂದ ಹೆಣ್ಣಿಗೆ ಬೇರೆಯಾಗಿರುತ್ತದೆ, ಆದರೆ ಒಂದು ಹೆಣ್ಣು ಇಡುವ ಮೊಟ್ಟೆಗಳೆಲ್ಲ ಒಂದೇ ಬಗೆಯವು. ಈ ಎಳೆಯನ್ನು ರಾಕ್‌ಫೆಲರ್ ಪ್ರತಿಷ್ಠಾನದ ಲೂಯಿಸ್ ಹ್ಯಾಕೆಟ್, ರೋಮಿನ ಆಲ್ಬರ್ಟೊ ಮಿಸ್ಸಿರೋಲಿ, ಹ್ಯಾಂಬರ್ಗಿನ ಎರಿಕ್ ಮಾರ್ಟಿನಿ ಕೈಗೆತ್ತಿಕೊಂಡು 1930ರ ದಶಕದ ಹೊತ್ತಿಗೆ ಗಂಟು ಬಿಡಿಸಿದರು. ಒಂದು ಸೊಳ್ಳೆ ಎಂದುಕೊಂಡದ್ದು ಹಲವು ಸೊಳ್ಳೆಗಳ ಗುಂಪು. ಎರಡು ಕಪ್ಪು ಅಡ್ಡಪಟ್ಟೆಯ ಮೊಟ್ಟೆ ಇಡುವ ಬಗೆ, ಪಟ್ಟೆ ಪಟ್ಟೆಯ ಮೊಟ್ಟೆಯ ಮೆಸ್ಸಿಯೆ, ಕಪ್ಪು ಮೊಟ್ಟೆಯ ಮೆಲನೂನ್, ಇವೆಲ್ಲ ಬಹುಮಟ್ಟಿಗೆ ದನದ ಹಿಂದೆ ಹೋಗುವಂಥವು. ಲ್ಯಾಬ್ರಾಂಕಿಯೆ, ಸಕರೋವಿ, ಅಟ್ರೋಪಾರ್ವಸ್ ಇವು ಮನುಷ್ಯನಿಗೆ ಜ್ವರ ತರುವಂಥವು. ರೋಮಿನ ದಕ್ಷಿಣದ ಪೊಂಟೈನ್ ಜೌಗು ಪ್ರದೇಶವನ್ನು ಶತಮಾನಗಳ ಕಾಲ ಬಾಳಗೊಡದ ಸೊಳ್ಳೆ ಲ್ಯಾಬ್ರಾಂಕಿಯೆ ಎಂದು ತಿಳಿದದ್ದು ಹೀಗೆ.

ಈ ಘಟನೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಫಲೆರೋನಿ ಅನುಸರಿಸಿದ ಕ್ರಮ. ಕೆರೆಯ ನೀರಿನಿಂದ ಮೊಟ್ಟೆಗಳನ್ನು ಬಾಚಿ ತಂದು ನೋಡಿದ್ದರೆ ಅವರಿಗೆ ಸಿಗುತ್ತಿದ್ದುದು ಕಲಸುಮೇಲೋಗರದ ಚಿತ್ರ. ಬಗೆಬಗೆಯ ಮೊಟ್ಟೆ ನೋಡಿ, ಒಂದೇ ಸೊಳ್ಳೆ ಹಲವು ತರಹದ ಮೊಟ್ಟೆ ಇಡುತ್ತದೆ ಎಂಬ ತೀರ್ಮಾನಕ್ಕೆ ಬರಬಹುದಾಗಿತ್ತು. ತಾಯಿಯೊಂದನ್ನು ಬೇರೆ ಇಟ್ಟು, ಅದರ ಮೊಟ್ಟೆಗಳನ್ನೆಲ್ಲ ಒಟ್ಟಾಗಿ ನೋಡಿ, ಆ ಮೊಟ್ಟೆಗಳಿಂದ ಮರಿ ಮಾಡಿಸಿ ಬೆಳೆಸುವ ಪದ್ಧತಿಯಿಂದ ಮೂರು ತಲೆಗಳು ಒಂದೇ ದಾರಕ್ಕೆ ಸಿಗುತ್ತವೆ: ರಕ್ತ ಕುಡಿದ ತಾಯಿ, ಅವಳ ಮೊಟ್ಟೆ, ಅವಳ ಸಂತತಿ. ತಾಯಿಯ ಹೊಟ್ಟೆಯ ರಕ್ತ ಪರೀಕ್ಷೆ ಮಾಡಿದರೆ ಅವಳು ಕಚ್ಚಿದ್ದು ದನವನ್ನೋ ಮನುಷ್ಯನನ್ನೋ ಗೊತ್ತಾಗುತ್ತದೆ. ಹೀಗೆ ಮೊಟ್ಟೆಯ ರೂಪಕ್ಕೂ ಸೊಳ್ಳೆಯ ನಡತೆಗೂ ಇರುವ ನಂಟು ಊಹೆಯಾಗಿ ಉಳಿಯದೆ ಸಾಬೀತಾಗುತ್ತದೆ. ಸತ್ತ ಸೊಳ್ಳೆಯ ಒಂದು ಕಾಲಿನಿಂದ ತೆಗೆದ ಡಿಎನ್‌ಎ ಈ ಸರಪಳಿಯನ್ನು ತಾನಾಗಿ ಕೊಡುವುದಿಲ್ಲ.

ಅಷ್ಟು ಚಿಕ್ಕ ಮೊಟ್ಟೆಯ ಮೇಲೆ ಇಷ್ಟು ಗುರುತು ಎಲ್ಲಿಂದ ಬಂತು? ಉತ್ತರ ತಾಯಿಯ ಅಂಡಾಶಯದಲ್ಲಿದೆ. ಬೆಳೆಯುತ್ತಿರುವ ಮೊಟ್ಟೆಯ ಸುತ್ತ ಒಂದು ಪದರ ಜೀವಕೋಶಗಳಿರುತ್ತವೆ. ಹೊರಚಿಪ್ಪಿನ ವಸ್ತುವನ್ನು ಸುರಿಸುವುದು ಅವೇ. ಬಟ್ಟೆ ಹಾಸಿದ ತಟ್ಟೆಯಲ್ಲಿ ಬೆಂದ ಇಡ್ಲಿಯ ತಳದಲ್ಲಿ ನೂಲಿನ ಹೆಣಿಗೆ ಒತ್ತಿಕೊಂಡಿರುವಂತೆ, ಆ ಕೋಶಗಳ ಒಂದೊಂದರ ಅಚ್ಚೂ ಮೊಟ್ಟೆಯ ಹೊರಮೈಯಲ್ಲಿ ಐದಾರು ಮೂಲೆಯ ಅಂಕಣವಾಗಿ ಉಳಿಯುತ್ತದೆ. ಅಂಕಣದೊಳಗೆ ಗುಬುಟುಗಳಿರುತ್ತವೆ, ನಡುವೆ ದೊಡ್ಡದೊಂದು, ಸುತ್ತ ಚಿಕ್ಕವು, ಅಥವಾ ಎಲ್ಲವೂ ಒಂದೇ ಸಮ. ಇದು ಕುಲದಿಂದ ಕುಲಕ್ಕೆ, ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ತಲೆಯ ತುದಿಯಲ್ಲಿ ವೀರ್ಯಾಣು ಒಳಹೋಗುವ ಸಣ್ಣ ರಂಧ್ರ, ಅದರ ಸುತ್ತ ಕೊರಳಪಟ್ಟಿಯಂಥ ಉಬ್ಬು. ನೀರಿನ ಮೇಲೆ ಬಿಡಿಬಿಡಿಯಾಗಿ ಮೊಟ್ಟೆ ಇಡುವ ಅನಾಫೆಲಿಸ್‌ಗೆ ಎರಡೂ ಪಕ್ಕದಲ್ಲಿ ಗಾಳಿ ತುಂಬಿದ ತೇಲುಚೀಲಗಳಿವೆ, ಆ ಚೀಲಗಳ ಮೇಲೆ ಸಾಲಾಗಿ ಏಣುಗಳು. ಕ್ಯೂಲೆಕ್ಸ್ ನೂರಾರು ಮೊಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ ತೆಪ್ಪದ ಹಾಗೆ ಜೋಡಿಸುತ್ತದೆ. ಈಡಿಸ್ ಮೊಟ್ಟೆಯನ್ನು ನೀರಿನಲ್ಲೇ ಇಡದೆ ನೀರಿನ ಅಂಚಿಗಿಂತ ತುಸು ಮೇಲೆ, ತೇವದ ಗೋಡೆಗೆ ಅಂಟಿಸುತ್ತದೆ. ಅದು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮುಂದಿನ ಸಲ ನೀರು ಏರಿದಾಗ ಒಡೆಯುತ್ತದೆ. ತೇಲುವುದು, ಅಂಟುವುದು, ಒಣಗಿಯೂ ಬದುಕುವುದು, ಮುಳುಗಿದಾಗ ಉಸಿರಾಡುವುದು, ಇಷ್ಟೂ ಕೆಲಸ ಹೊರಚಿಪ್ಪಿನದು. ಹಾಗಾಗಿ ಮೊಟ್ಟೆಯ ಮೇಲಿನ ಗುರುತು ಪ್ರಭೇದದ ಹೆಸರಿನೊಂದಿಗೆ ಅದು ಎಂಥ ನೀರನ್ನು ನಂಬಿ ಬದುಕುತ್ತದೆ ಎಂಬುದರ ಸುಳಿವನ್ನೂ ಹೊತ್ತಿರುತ್ತದೆ. ಬೆಳೆದ ಸೊಳ್ಳೆಯ ರೆಕ್ಕೆಯ ಮಚ್ಚೆಯಿಂದ ಅಂಥ ಸುಳಿವು ಸಿಗುವುದು ಅಪರೂಪ.

ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಇದರ ಅರ್ಧ ಮಾತ್ರ ಕಾಣುತ್ತದೆ. ಬೆಳಕಿನ ಅಲೆಯ ಉದ್ದವೇ ಅಡ್ಡಿಯಾಗಿ, ಮಿಲಿಮೀಟರಿನ ಐದು ಸಾವಿರದ ಒಂದು ಭಾಗಕ್ಕಿಂತ ಹತ್ತಿರ ಇರುವ ಎರಡು ಚುಕ್ಕಿಗಳು ಅದರಲ್ಲಿ ಒಂದಾಗಿ ಕಲಸಿಹೋಗುತ್ತವೆ. ಉಬ್ಬುತಗ್ಗಿನ ಮೈ ಇದ್ದರೆ ಒಂದು ಕಡೆ ಸ್ಪಷ್ಟವಾದಾಗ ಇನ್ನೊಂದು ಕಡೆ ಮಸುಕು. 1931ರಲ್ಲಿ ಜರ್ಮನಿಯಲ್ಲಿ ಎರ್ನ್‌ಸ್ಟ್ ರುಸ್ಕಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊದಲ ರೂಪ ಕಟ್ಟಿದರು. ಆದರೆ ಮೊಟ್ಟೆಯ ಹೊರಮೈ ನೋಡುವವರಿಗೆ ಬೇಕಾಗಿದ್ದದ್ದು ವಸ್ತುವಿನ ಮೇಲೆ ಎಲೆಕ್ಟ್ರಾನ್ ಕಿರಣವನ್ನು ಸಾಲುಸಾಲಾಗಿ ಓಡಿಸಿ ಮೇಲ್ಮೈಯ ಚಿತ್ರ ಕೊಡುವ ಸ್ಕ್ಯಾನಿಂಗ್ ಯಂತ್ರ. ಕೇಂಬ್ರಿಡ್ಜಿನಲ್ಲಿ ಚಾರ್ಲ್ಸ್ ಓಟ್ಲಿ ಮತ್ತು ಅವರ ವಿದ್ಯಾರ್ಥಿಗಳ ದೀರ್ಘ ಶ್ರಮದ ಫಲವಾಗಿ ಅದು 1965ರಲ್ಲಿ ಮಾರುಕಟ್ಟೆಗೆ ಬಂತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಹೊವರ್ಡ್ ಹಿಂಟನ್ ಕೀಟಗಳ ಮೊಟ್ಟೆಗಳನ್ನು ಇದರ ಕೆಳಗಿಟ್ಟು, ಚಿಪ್ಪಿನ ಗುಬುಟು ಕಂಬಗಳ ನಡುವೆ ಗಾಳಿಯ ತೆಳು ಪದರ ನಿಲ್ಲುತ್ತದೆ, ಮುಳುಗಿದ ಮೊಟ್ಟೆ ಅದರ ಮೂಲಕ ನೀರಿನಿಂದ ಆಮ್ಲಜನಕ ಪಡೆಯುತ್ತದೆ ಎಂದು ತೋರಿಸಿದರು. ಅವರು ಬರೆದ ಮೂರು ಸಂಪುಟಗಳ ಗ್ರಂಥ ಅವರು ತೀರಿಕೊಂಡ ಮೇಲೆ 1981ರಲ್ಲಿ ಹೊರಬಂತು. ಅದಕ್ಕೂ ಮುಂಚೆ 1978ರಲ್ಲಿ ರಾಲ್ಫ್ ಹಾರ್ಬಕ್ ಮತ್ತು ಕೆನ್ನೆತ್ ನೈಟ್ ಸೊಳ್ಳೆ ಮೊಟ್ಟೆಯ ಒಂದೊಂದು ಭಾಗಕ್ಕೂ ಒಪ್ಪಿತ ಹೆಸರಿನ ಪಟ್ಟಿ ಮಾಡಿಕೊಟ್ಟರು. ಅಲ್ಲಿಯವರೆಗೆ ಒಬ್ಬರ ಗುಬುಟು ಇನ್ನೊಬ್ಬರ ಗಂಟಾಗಿ, ಹೋಲಿಕೆಯೇ ಕಷ್ಟವಾಗಿತ್ತು. ಆ ನಂತರ ಫ್ಲಾರಿಡಾದ ವೀರೊ ಬೀಚಿನಲ್ಲಿ ಜಾನ್ ಲಿನ್ಲಿ ಪ್ರಭೇದದ ಮೇಲೆ ಪ್ರಭೇದ ತೆಗೆದುಕೊಂಡು, ಚಿತ್ರದ ಜೊತೆ ಅಳತೆಯನ್ನೂ ಕೊಡುತ್ತ ಬರೆದ ಲೇಖನಗಳು ಈ ವಿದ್ಯೆಗೆ ಶಿಸ್ತು ತಂದವು. ಚಂದದ ಫೋಟೊ ಒಂದು ಸಾಕ್ಷ್ಯವಲ್ಲ. ಎಷ್ಟು ಮೊಟ್ಟೆಗಳಲ್ಲಿ, ಎಷ್ಟು ತಾಯಂದಿರಲ್ಲಿ ಆ ಗುಣ ಕಂಡಿತು ಎಂಬ ಲೆಕ್ಕ ಸೇರಿದಾಗ ಅದು ಸಾಕ್ಷ್ಯವಾಗುತ್ತದೆ ಎಂಬ ಪಾಠ ಅವುಗಳಲ್ಲಿದೆ.

ಯಂತ್ರದ ಮಿತಿಯನ್ನೂ ಇಲ್ಲೇ ಹೇಳಬೇಕು. ಅದರೊಳಗೆ ನಿರ್ವಾತ, ಆದ್ದರಿಂದ ಮೊಟ್ಟೆಯಲ್ಲಿ ಒಂದು ಹನಿ ನೀರೂ ಇರಬಾರದು. ರಾಸಾಯನಿಕದಲ್ಲಿ ಗಟ್ಟಿ ಮಾಡಿ, ಆಲ್ಕೋಹಾಲಿನಲ್ಲಿ ಹಂತಹಂತವಾಗಿ ನೀರು ತೆಗೆದು, ಮೈ ಕುಸಿಯದಂತೆ ಒಣಗಿಸಿ, ಮೇಲೆ ಚಿನ್ನದ ತೆಳು ಲೇಪ ಕೊಡಬೇಕು. ಇಷ್ಟೆಲ್ಲ ಜೋಪಾನ ಮಾಡಿದರೂ ಅನಾಫೆಲಿಸ್ ಮೊಟ್ಟೆ ಕುಗ್ಗಿ, ತೇಲುಚೀಲ ಮುದುಡಿ, ಇಲ್ಲದ ಸುಕ್ಕು ಹೊಸ ಲಕ್ಷಣದಂತೆ ತೋರಬಹುದು. ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬಣ್ಣದ ವಿಷಯ. ಎಲೆಕ್ಟ್ರಾನ್ ಚಿತ್ರದಲ್ಲಿ ಬಣ್ಣವಿಲ್ಲ. ಮ್ಯಾಕ್ಯುಲಿಪೆನ್ನಿಸ್ ಗುಂಪನ್ನು ಬೇರ್ಪಡಿಸಿದ ಕಪ್ಪು ಬೂದು ಪಟ್ಟೆಗಳು ಅದರಲ್ಲಿ ಪಟ್ಟೆಗಳಾಗಿ ಕಾಣುವುದಿಲ್ಲ, ಮೇಲ್ಮೈಯ ರಚನೆಯ ಏರುಪೇರಾಗಿ ಮಾತ್ರ ಕಾಣುತ್ತವೆ. ಹೀಗಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹಳೆಯ ಸೂಕ್ಷ್ಮದರ್ಶಕವನ್ನು ಅಟ್ಟಕ್ಕೆ ಕಳಿಸಲಿಲ್ಲ. ಒಂದು ತೋರಿಸುವ ಚಿತ್ತಾರಕ್ಕೆ ಇನ್ನೊಂದು ಕಾರಣ ತೋರಿಸುತ್ತದೆ.

ಈಗ ಮೈಸೂರಿನ ಮಾತು. ಬಯಲುಸೀಮೆಯಲ್ಲಿ ನಾಲೆಗಳು ಬಂದು ಮಲೇರಿಯಾ ದೊಡ್ಡ ಚಿಂತೆಯಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯೊಡನೆ ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಕೆಲಸ ಮಾಡುತ್ತಿದ್ದರು. ಅವರು ಮತ್ತು ಬಿ. ಎ. ರಾವ್ 1937ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಅನಾಫೆಲಿಸ್ ಸ್ಟೀಫೆನ್ಸಿಯ ಒಳಬಗೆಗಳ ಮೇಲೆ ಬರೆದರು. ಬೆಳೆದ ಸೊಳ್ಳೆಯಲ್ಲಿ ವ್ಯತ್ಯಾಸವಿಲ್ಲ, ಮೊಟ್ಟೆಯಲ್ಲಿ ಇದೆ. ಒಂದು ಬಗೆಯ ಮೊಟ್ಟೆ ದೊಡ್ಡದು, ತೇಲುಚೀಲದ ಏಣುಗಳು ಹೆಚ್ಚು. ಇನ್ನೊಂದರದು ಚಿಕ್ಕದು, ಏಣುಗಳು ಕಡಿಮೆ. ಈ ಎರಡನೆಯದಕ್ಕೆ ಅವರು ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ಮರುವರ್ಷ ಅಳತೆಗಳ ವಿವರವೂ ಪ್ರಕಟವಾಯಿತು. ಹೆಸರಿಟ್ಟವರು ಎಣಿಸಿದ್ದು ರಾಸ್ ಹುಟ್ಟುಗಳೆಂದು ಕಂಡ ಆ ಗೆರೆಗಳನ್ನೇ. ಐವತ್ತು ವರ್ಷದ ಬಳಿಕ, 1987ರಲ್ಲಿ, ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಈ ಎಣಿಕೆಯನ್ನು ಮತ್ತೆ ಕೈಗೆತ್ತಿಕೊಂಡು ಮೂರು ರೂಪಗಳನ್ನು ಗುರುತಿಸಿದರು: 14ರಿಂದ 22 ಏಣುಗಳ ಮುಖ್ಯ ರೂಪ, 12ರಿಂದ 17ರ ನಡುವಣ ರೂಪ, 9ರಿಂದ 15ರ ಮೈಸೂರೆನ್ಸಿಸ್. ಮುಖ್ಯ ರೂಪ ಪೇಟೆಯದು. ಬಾವಿ, ಸಂಪು, ಮಹಡಿಯ ಮೇಲಿನ ಟ್ಯಾಂಕು, ಕಟ್ಟಡ ಕಟ್ಟುವಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರು ಅದರ ನೆಲೆ. ಭಾರತದ ನಗರಗಳ ಮಲೇರಿಯಾಕ್ಕೆ ಅದು ಮುಖ್ಯ ಕಾರಣ. ಮೈಸೂರೆನ್ಸಿಸ್ ಹಳ್ಳಿಯದು, ದನದ ರಕ್ತಕ್ಕೆ ಒಲಿದದ್ದು, ನಮ್ಮಲ್ಲಿ ಮಲೇರಿಯಾ ಹರಡುವುದರಲ್ಲಿ ದುರ್ಬಲ. ಒಂದು ಊರಿನಲ್ಲಿ ಸ್ಟೀಫೆನ್ಸಿ ಸಿಕ್ಕಿತು ಎಂದರೆ ಗಾಬರಿ ಪಡಬೇಕೋ ಬೇಡವೋ ಎಂಬುದಕ್ಕೆ ಆ ಏಣುಗಳ ಲೆಕ್ಕ ಒಂದು ಉತ್ತರ ಕೊಡುತ್ತದೆ.

ಇಲ್ಲಿ ಎಚ್ಚರದ ಓದುಗರು ತಡೆಯುತ್ತಾರೆ, ತಡೆಯಲೇಬೇಕು. ಹದಿನಾಲ್ಕು ಏಣುಗಳಿರುವ ಮೊಟ್ಟೆಯೊಂದು ಸಿಕ್ಕಿದರೆ ಅದು ಯಾವ ರೂಪ? ಮೇಲಿನ ಲೆಕ್ಕದಲ್ಲಿ ಅದು ಮೂರರಲ್ಲೂ ಸೇರುತ್ತದೆ. ಇದು ನಿಜವಾದ ತೊಡಕು. ಒಂದು ಮೊಟ್ಟೆ ನೋಡಿ ತೀರ್ಪು ಕೊಡುವವರು ಎಡವುತ್ತಾರೆ. ಪರಿಹಾರ ಮತ್ತೆ ಫಲೆರೋನಿಯ ಪದ್ಧತಿಯಲ್ಲೇ ಇದೆ. ಒಂದು ತಾಯಿಯ ಹಲವು ಮೊಟ್ಟೆಗಳನ್ನು ಎಣಿಸಿ, ಹೆಚ್ಚು ಸಲ ಬರುವ ಸಂಖ್ಯೆ ಯಾವುದು ಎಂದು ನೋಡಬೇಕು, ಹೀಗೆ ಹಲವು ತಾಯಂದಿರನ್ನು ನೋಡಿ ಊರಿನ ಸೊಳ್ಳೆಗಳ ಹರವು ತಿಳಿಯಬೇಕು. ಆಗಲೂ ಗಡಿಯಲ್ಲಿ ನಿಲ್ಲುವ ಕೆಲವು ಉಳಿಯುತ್ತವೆ, ಅವನ್ನು ಗಡಿಯವೆಂದೇ ಬರೆದಿಡಬೇಕು. ಇನ್ನೂ ಬಲವಾದ ಆಕ್ಷೇಪಣೆ ಇದೆ: ಮೊಟ್ಟೆಯ ರೂಪ ತಾಯಿಯ ಆಹಾರ, ಹವೆ, ಋತುವಿಗೆ ತಕ್ಕಂತೆ ಬದಲಾದರೆ ಅದು ಪ್ರಭೇದದ ಗುರುತಾಗುವುದು ಹೇಗೆ? ಉತ್ತರ ಅಮೆರಿಕದ ಅನಾಫೆಲಿಸ್ ವಾಕೆರಿ ಬೇಸಿಗೆಯಲ್ಲಿ ಒಂದು ತರಹದ ಮೊಟ್ಟೆಯನ್ನೂ ಚಳಿಗಾಲಕ್ಕೆ ಬೇರೆ ತರಹದ್ದನ್ನೂ ಇಡುತ್ತದೆ. ಮಧ್ಯ ಅಮೆರಿಕದ ಅನಾಫೆಲಿಸ್ ಆಲ್ಬಿಮೇನಸ್‌ನಲ್ಲಿ ತೇಲುಚೀಲದ ಗಾತ್ರ ಒಂದೇ ಪ್ರಭೇದದೊಳಗೆ ಬಹಳ ಬದಲಾಗುತ್ತದೆ. ಈ ಉದಾಹರಣೆಗಳನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಆದರೆ ಇವು ತಿಳಿದುಬಂದದ್ದೂ ತಾಯಿ ಮಗಳನ್ನು ಬೇರೆ ಇಟ್ಟು ಮೊಟ್ಟೆ ನೋಡಿದ್ದರಿಂದಲೇ. ಸ್ಟೀಫೆನ್ಸಿಯ ವಿಷಯದಲ್ಲಿ ರೂಪಗಳನ್ನು ಒಂದಕ್ಕೊಂದು ಕೂಡಿಸಿ ಸಂತತಿ ನೋಡಿದಾಗ ಏಣುಗಳ ಸಂಖ್ಯೆ ವಂಶಪಾರಂಪರ್ಯವಾಗಿ ಬರುವ ಗುಣ ಎಂದು ಗೊತ್ತಾಗಿದೆ. ಯಾವ ಲಕ್ಷಣ ವಂಶದ್ದು, ಯಾವುದು ಹವೆಯದು ಎಂದು ಪ್ರಭೇದ ಪ್ರಭೇದಕ್ಕೂ ಬೇರೆಯಾಗಿ ಪರೀಕ್ಷಿಸಬೇಕು. ರೆಕ್ಕೆಯ ಮಚ್ಚೆಗೂ ಈ ಮಾತು ಅನ್ವಯಿಸುತ್ತದೆ, ಆದರೆ ಅದನ್ನು ಯಾರೂ ಇಷ್ಟು ಕಟುವಾಗಿ ಪ್ರಶ್ನಿಸುವುದಿಲ್ಲ.

ಸ್ಟೀಫೆನ್ಸಿಯ ರೂಪಗಳು ಒಂದರೊಡನೊಂದು ಕೂಡಿ ಫಲವತ್ತಾದ ಮರಿ ಕೊಡುತ್ತವೆಯಲ್ಲ, ಹಾಗಿದ್ದ ಮೇಲೆ ಬೇರೆ ಪ್ರಭೇದ ಎನ್ನಲು ಬರುವುದಿಲ್ಲ ಎಂಬ ತಕರಾರೂ ಇದೆ. ಒಪ್ಪುತ್ತೇನೆ, ಅವನ್ನು ಪ್ರಭೇದ ಎನ್ನಬೇಕಿಲ್ಲ. ಆರೋಗ್ಯ ಇಲಾಖೆಗೆ ಬೇಕಾದದ್ದು ಯಾವುದು ಮನೆಯ ಟ್ಯಾಂಕಿನಲ್ಲಿ ಹುಟ್ಟಿ ಮನೆಯವರನ್ನು ಕಚ್ಚುತ್ತದೆ ಎಂಬ ತಿಳಿವಳಿಕೆ. ಮತ್ತೊಂದು ಕಡೆ, ಮೈಸೂರೆನ್ಸಿಸ್ ಎಲ್ಲ ಕಡೆಯೂ ನಿರುಪದ್ರವಿ ಎಂದೂ ಹೇಳುವಂತಿಲ್ಲ. ದಕ್ಷಿಣ ಇರಾನಿನ ಹಳ್ಳಿಗಳಲ್ಲಿ ಅದು ಮಲೇರಿಯಾ ಹರಡುತ್ತದೆ. ಮೊಟ್ಟೆ ರೂಪವನ್ನು ಹೇಳುತ್ತದೆ. ಆ ರೂಪ ಆ ಊರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಆ ಊರಿನಲ್ಲೇ ನೋಡಿ ತಿಳಿಯಬೇಕು.

ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆ ಡಿಎನ್‌ಎಯದು. ಸೊಳ್ಳೆಯ ಒಂದು ಕಾಲು ಸಾಕು, ಒಂದು ದಿನದಲ್ಲಿ ಹೆಸರು ಸಿಗುತ್ತದೆ, ಮೊಟ್ಟೆ ಇಡಿಸುವ ತಾಪತ್ರಯ ಏಕೆ? ಈ ವಾದದ ಹಿಂದೆ ಗಟ್ಟಿ ಪುರಾವೆಗಳಿವೆ. ಆಫ್ರಿಕದ ಗ್ಯಾಂಬಿಯೆ ಗುಂಪಿನಲ್ಲಿ ಅತ್ಯಂತ ಅಪಾಯದ ಗ್ಯಾಂಬಿಯೆ ಮತ್ತು ಅರೇಬಿಯೆನ್ಸಿಸ್‌ಗಳ ಮೊಟ್ಟೆಗಳನ್ನು ಖಚಿತವಾಗಿ ಬೇರ್ಪಡಿಸಲು ಆಗುವುದಿಲ್ಲ. ಅಲ್ಲಿ ದಾರಿ ತೋರಿಸಿದ್ದು ಸಂಕರದ ಪ್ರಯೋಗ, ವರ್ಣತಂತುಗಳ ಪಟ್ಟಿ, ಆಮೇಲೆ ಡಿಎನ್‌ಎ. ಮೊಟ್ಟೆಯಿಂದ ಒಂದೇ ಎನಿಸಿದ್ದ ಮೆಸ್ಸಿಯೆಯೊಳಗೆ ಡೇಸಿಯೆ ಎಂಬ ಇನ್ನೊಂದು ಪ್ರಭೇದ ಅಡಗಿದೆ ಎಂದು 2004ರಲ್ಲಿ ರೊಮೇನಿಯಾದ ಸೊಳ್ಳೆಗಳ ಡಿಎನ್‌ಎ ಹೇಳಿತು. ನಮಗೆ ಹತ್ತಿರದ್ದೊಂದು ಇನ್ನೂ ಚುರುಕಾದ ಉದಾಹರಣೆ. ಅನಾಫೆಲಿಸ್ ಸಬ್‌ಪಿಕ್ಟಸ್ ಗುಂಪಿನ ನಾಲ್ಕು ಪ್ರಭೇದಗಳನ್ನು ಎ, ಬಿ, ಸಿ, ಡಿ ಎಂದು 1990ರ ದಶಕದಲ್ಲಿ ಪುದುಚೇರಿಯ ಸಂಶೋಧಕರು ತೇಲುಚೀಲದ ಏಣುಗಳ ಎಣಿಕೆಯಿಂದಲೂ ಬೇರ್ಪಡಿಸಿದರು. ಬಿ ಎನ್ನುವುದು ಕಡಲಂಚಿನ ಉಪ್ಪುನೀರಿನದು, ಏಣುಗಳು ಎಲ್ಲಕ್ಕಿಂತ ಕಡಿಮೆ. 2010ರಲ್ಲಿ ಶ್ರೀಲಂಕಾದಲ್ಲಿ, ಬಾಹ್ಯ ಲಕ್ಷಣದಿಂದ ಸಬ್‌ಪಿಕ್ಟಸ್ ಬಿ ಎಂದು ಕರೆದಿದ್ದ ಸೊಳ್ಳೆಗಳ ಡಿಎನ್‌ಎ ನೋಡಿದರೆ ಅವು ಸಂಡೈಕಸ್ ಎಂಬ ಬೇರೆಯೇ ಗುಂಪಿಗೆ ಸೇರಿದವು. ಅಲ್ಲಿ ಹೆಸರು ತಪ್ಪಿತ್ತು. ಆದರೆ ಈ ಸೊಳ್ಳೆ ಒಳನಾಡಿನ ಸಬ್‌ಪಿಕ್ಟಸ್‌ನಂತಲ್ಲ, ಇದನ್ನು ಬೇರೆಯಾಗಿ ಇಡಬೇಕು ಎಂಬ ತೀರ್ಮಾನ ಸರಿಯಾಗಿಯೇ ಇತ್ತು. ಆ ತೀರ್ಮಾನ ಇರದಿದ್ದರೆ ಯಾರೂ ಆ ಸೊಳ್ಳೆಯ ಡಿಎನ್‌ಎ ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಡಿಎನ್‌ಎ ಮತ್ತು ಮೊಟ್ಟೆ ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂಬುದು ನನ್ನ ನಿಲುವು. ಡಿಎನ್‌ಎ ಯಾರು ಯಾರ ನೆಂಟರು ಎಂದು ಹೇಳುತ್ತದೆ, ಅದೂ ಮೊದಲೇ ಹೆಸರಿಟ್ಟು ಕಾದಿಟ್ಟ ಮಾದರಿಯೊಂದಿಗೆ ಹೋಲಿಸಿ. ಆ ಮಾದರಿಗೆ ಹೆಸರು ಬಂದದ್ದು ಮೈಯ, ಮರಿಹುಳುವಿನ, ಮೊಟ್ಟೆಯ ವಿವರಣೆಯಿಂದ. ಅಕ್ಷರಗಳ ಸಾಲು ಎಷ್ಟು ಖಚಿತವಾಗಿದ್ದರೂ ಆ ಮೊಟ್ಟೆ ಒಣಗಿದ ಗೋಡೆಗೆ ಅಂಟಿ ಬದುಕಿತೋ ಹರಿಯುವ ನಾಲೆಯ ಅಂಚಿನಲ್ಲಿ ತೇಲಿತೋ ಎಂಬುದನ್ನು ಅದು ಇನ್ನೂ ಓದಿ ಹೇಳಲಾರದು. ಅಮೆರಿಕದ ಕ್ವಾಡ್ರಿಮ್ಯಾಕ್ಯುಲೇಟಸ್ ಗುಂಪಿನ ಐದು ಪ್ರಭೇದಗಳ ಕಥೆಯಲ್ಲಿ ಎರಡೂ ಹೇಗೆ ಜೊತೆಗೂಡಬಹುದು ಎಂಬುದು ಕಾಣುತ್ತದೆ. ಮೊದಲ ಸುಳಿವು ಸಂಕರದಿಂದ ಮತ್ತು ವಂಶವಾಹಿಗಳಿಂದ ಬಂತು. ಲಿನ್ಲಿ ಮತ್ತು ಸಂಗಡಿಗರು ಮೊಟ್ಟೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದು ಬಣ್ಣಿಸಿದರು. 1997ರಲ್ಲಿ ಐದಕ್ಕೂ ವಿಧಿವತ್ತಾಗಿ ಹೆಸರು ನಿಂತಿತು. ಒಂದು ಇನ್ನೊಂದರ ಜಾಗ ಕಿತ್ತುಕೊಳ್ಳಲಿಲ್ಲ.

ಖರ್ಚಿನ ಮಾತನ್ನು ಬೇಗ ಮುಗಿಸಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ವಸ್ತುವಲ್ಲ, ಬರಬೇಕಾಗಿಯೂ ಇಲ್ಲ. ಯಾವ ಲಕ್ಷಣ ನಂಬತಕ್ಕದ್ದು ಎಂದು ಒಮ್ಮೆ ಆ ಯಂತ್ರದಲ್ಲಿ ಸಾಬೀತು ಮಾಡಿಕೊಂಡರೆ, ಸ್ಟೀಫೆನ್ಸಿಯ ಏಣುಗಳಂಥವನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಎಣಿಸಬಹುದು. ಸ್ವೀಟ್ ಮತ್ತು ರಾವ್ ಅವರ ಕಾಲದಲ್ಲಿ ಇದ್ದದ್ದು ಅದೊಂದೇ. ಈಡಿಸ್‌ನಲ್ಲಿ ಇದು ಅಷ್ಟು ಸುಲಭವಿಲ್ಲ. ಡೆಂಗಿ, ಚಿಕುನ್‌ಗುನ್ಯಾಗಳ ಕಣ್ಗಾವಲಿಗೆ ಕಪ್ಪು ಡಬ್ಬಿಯಲ್ಲಿ ನೀರಿಟ್ಟು, ಒಳಗೊಂದು ಬಟ್ಟೆಯ ಪಟ್ಟಿಯನ್ನೋ ಹಲಗೆಯ ಚೂರನ್ನೋ ನಿಲ್ಲಿಸಿ, ಅದರ ಮೇಲೆ ಬಿದ್ದ ಮೊಟ್ಟೆಗಳನ್ನು ಎಣಿಸುವುದುಂಟು. ನಗರದ ಈಜಿಪ್ಟಿ, ಮಲೆನಾಡಿನ ತೋಟದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲಿನ ಬಟ್ಟಲುಗಳಲ್ಲಿ ಹೆಚ್ಚು ಸಿಗುವ ಆಲ್ಬೊಪಿಕ್ಟಸ್, ಎರಡರ ಮೊಟ್ಟೆಗಳೂ ಬರಿಗಣ್ಣಿಗೆ ಒಂದೇ ಕಪ್ಪು ಚುಕ್ಕಿ. ಗುಬುಟುಗಳ ವಿವರದಲ್ಲಿ ವ್ಯತ್ಯಾಸವಿದೆ, ಅದನ್ನು ಕಾಣಲು ದೊಡ್ಡ ಯಂತ್ರ ಬೇಕು. ಹಾಗಾಗಿ ಸಾಮಾನ್ಯವಾಗಿ ಮೊಟ್ಟೆ ಒಡೆಸಿ, ಮರಿಹುಳುವನ್ನು ಬೆಳೆಸಿ ಹೆಸರಿಡುತ್ತಾರೆ. ದಿನನಿತ್ಯದ ಕೆಲಸಕ್ಕೆ ಅದು ಸರಿಯಾದ ದಾರಿಯೇ. ಒಡೆಯದೆ ಉಳಿದ ಮೊಟ್ಟೆಗಳ ಲೆಕ್ಕ ಮಾತ್ರ ಆ ದಾರಿಯಲ್ಲಿ ಕೈತಪ್ಪುತ್ತದೆ. ಒಣ ತಿಂಗಳುಗಳನ್ನು ದಾಟುವುದು ಮೊಟ್ಟೆಯಾಗಿಯೇ ಇರುವ ಸೊಳ್ಳೆಯ ವಿಷಯದಲ್ಲಿ ಅದು ಹಗುರಾದ ನಷ್ಟವಲ್ಲ.

ಈ ಹೊತ್ತಿನಲ್ಲಿ ಇದನ್ನೆಲ್ಲ ಬರೆಯಬೇಕೆನಿಸಿದ್ದಕ್ಕೆ ಕಾರಣ ಸ್ಟೀಫೆನ್ಸಿಯ ಪಯಣ. ದಕ್ಷಿಣ ಏಷ್ಯಾ ಮತ್ತು ಅರೇಬಿಯಾದ ಈ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು, 2016ರಲ್ಲಿ ಇಥಿಯೋಪಿಯಾದಲ್ಲಿ, ಆಮೇಲೆ ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾ, ಘಾನಾಗಳಲ್ಲಿ. ಶ್ರೀಲಂಕಾದ ಮನ್ನಾರಿನಲ್ಲೂ ಸಿಕ್ಕಿತು. ಆಫ್ರಿಕದ ಮಲೇರಿಯಾ ಬಹುಮಟ್ಟಿಗೆ ಹಳ್ಳಿಯದು; ಟ್ಯಾಂಕಿನ ನೀರಿನಲ್ಲಿ ಬೆಳೆಯಬಲ್ಲ ಸೊಳ್ಳೆ ಅಲ್ಲಿಯ ನಗರಗಳಿಗೆ ಬಂದರೆ ಕೋಟ್ಯಂತರ ಜನರಿಗೆ ಹೊಸ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎಚ್ಚರಿಕೆ ಕೊಟ್ಟಿತು. ಅಲ್ಲಿಯ ಪ್ರಯೋಗಾಲಯಗಳು ಡಿಎನ್‌ಎ ಓದಿ ಇದು ಸ್ಟೀಫೆನ್ಸಿ ಎಂದು ಖಚಿತಪಡಿಸುತ್ತಿವೆ, ವಾಸನೆ ಹಿಡಿಯುವ ಪ್ರೋಟೀನೊಂದರ ವಂಶವಾಹಿಯಿಂದ ಮೂರು ರೂಪಗಳನ್ನು ಬೇರ್ಪಡಿಸುವ ಪ್ರಯತ್ನವೂ ನಡೆದಿದೆ. ಆ ವಂಶವಾಹಿಯ ಹೇಳಿಕೆ ಸರಿಯೋ ಎಂದು ಒರೆಹಚ್ಚಲು ಬೇಕಾದ ಕಲ್ಲು ಯಾವುದು? ರೂಪಗಳನ್ನು ಮೊದಲು ಬೇರ್ಪಡಿಸಿದ್ದೇ ಮೊಟ್ಟೆ. ಹೊಸ ನೆಲದಲ್ಲಿ ಹಿಡಿದ ಪ್ರತಿ ತಾಯಿಯಿಂದಲೂ ಮೊಟ್ಟೆ ಪಡೆಯಬೇಕು. ಕೆಲವು ಮೊಟ್ಟೆಗಳನ್ನು ಗಟ್ಟಿ ಮಾಡಿ ಚಿತ್ರಕ್ಕೆ ಕಾದಿಡಬೇಕು, ಕೆಲವನ್ನು ಬೆಳೆಸಬೇಕು, ತಾಯಿಯ ಒಂದು ಕಾಲನ್ನು ಡಿಎನ್‌ಎಗೆ ಕಳಿಸಿ ಹೊಟ್ಟೆಯ ರಕ್ತ ಯಾರದೆಂದು ನೋಡಬೇಕು. ಈ ನಾಲ್ಕರ ಮೇಲೂ ಒಂದೇ ಸಂಖ್ಯೆಯ ಚೀಟಿ ಇರಬೇಕು. ಹೀಗೆ ಮಾಡಲು ತಾಳ್ಮೆಯ ಕೈ, ಮೊಟ್ಟೆ ಇಡಿಸಲು ಒದ್ದೆ ಕಾಗದದ ನಳಿಗೆ, ಕೀಟಾಗಾರದಲ್ಲಿ ಸ್ವಲ್ಪ ಜಾಗ ಬೇಕು. ಇದನ್ನು ಕಲಿಸಬಲ್ಲವರು ನಮ್ಮ ದೇಶದ ಕೀಟ ಪ್ರಯೋಗಾಲಯಗಳಲ್ಲಿ ಇನ್ನೂ ಇದ್ದಾರೆ, ಆದರೆ ಈ ವಿದ್ಯೆಗೆಂದು ಬರುವ ವಿದ್ಯಾರ್ಥಿಗಳು ಕಡಿಮೆಯಾಗುತ್ತಿದ್ದಾರೆ. ನಿವೃತ್ತಿಗೆ ಹತ್ತಿರವಿರುವ ಆ ಕೈಗಳಿಂದ ಜಿಬೂಟಿಯ, ಅಡಿಸ್ ಅಬಾಬಾದ, ಬೆಂಗಳೂರಿನ ಕಿರಿಯರು ಜೊತೆಯಲ್ಲಿ ಕೂತು ಏಣು ಎಣಿಸುವುದನ್ನು ಕಲಿಯುವ ಏರ್ಪಾಡು ಆಗಬೇಕು, ಮುಂದಿನ ಮಳೆಗಾಲಕ್ಕೆ ಮೊದಲೇ.